ನಿಮಗಿದು ಗೊತ್ತೆ? ಆಕ್ಸಿಮೀಟರ್ 98 ತೋರಿಸಿದರೂ ಆಮ್ಲಜನಕ ಸಾಲದಿರಬಹುದು

ಬೆಂಗಳೂರಿನ ಜೋಗುಪಾಳ್ಯದಿಂದ ಹಲಸೂರು ಕೆರೆಯವರೆಗೆ ಬಿರುಸಾಗಿ ನಡೆದು ಏದುಸಿರು ಬಿಡುತ್ತಿದ್ದೀರಾ? ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿ. ಆರೋಗ್ಯವಂತರಲ್ಲಿ ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ.

ಹಾಗಾದರೆ ಬೇಕಾದ ಹೆಚ್ಚುವರಿ ಆಮ್ಲಜನಕ ಎಲ್ಲಿಂದ? ಸುಮ್ಮನೆ ಕೂತಾಗ ದೇಹ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಮ್ಲಜನಕ ಬಳಸುತ್ತದೆ. ರಕ್ತ ಹೊತ್ತು ತಂದದ್ದರಲ್ಲಿ ಇದು ಕಾಲು ಭಾಗವಷ್ಟೇ; ಉಳಿದದ್ದು ಹಾಗೇ ಹೃದಯಕ್ಕೆ ವಾಪಸ್. ಓಡಿದಾಗ ಸ್ನಾಯು ಬಿಸಿಯೇರಿ, ಅಲ್ಲಿ ಆಮ್ಲ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತವೆ. ಆಗ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಹಿಡಿತ ಸಡಿಲಿಸಿ ಮುಕ್ಕಾಲು ಪಾಲಿಗೂ ಮಿಕ್ಕಿ ಆಮ್ಲಜನಕ ಬಿಟ್ಟುಕೊಡಬಲ್ಲದು. ಬೇಕಾದ ಕಡೆಗೇ ಹೆಚ್ಚು ಸಿಗುವ ಎಂಥ ಅಚ್ಚುಕಟ್ಟಾದ ಏರ್ಪಾಡು! ಇಂಗಾಲದ ಡೈಆಕ್ಸೈಡಿನ ಈ ಪ್ರಭಾವವನ್ನು 1904ರಲ್ಲಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು. ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಇವರ ಮಗ.

ಕಾಯಿಲೆಯಲ್ಲಿ ಲೆಕ್ಕ ಬೇರೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಆಮ್ಲಜನಕದ ಬೇಡಿಕೆ ಶೇ 10ರಷ್ಟು ಹೆಚ್ಚುತ್ತದೆ. ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿ ಪೂರೈಕೆಯೇ ತಗ್ಗುತ್ತದೆ. ಕೋವಿಡ್‌ನಲ್ಲಿ ಎಷ್ಟೋ ಮಂದಿಗೆ ಉಸಿರುಗಟ್ಟಿದಂತೆ ಅನ್ನಿಸದೆಯೇ ಅಂಕಿ 90ಕ್ಕಿಂತ ಕೆಳಗಿಳಿದಿತ್ತು. 2021ರಲ್ಲಿ ಮನೆಮನೆಗೂ ಆಕ್ಸಿಮೀಟರ್ ಬಂದದ್ದು ಅದಕ್ಕೇ.

ಆದರೆ ರಕ್ತಹೀನತೆಯನ್ನು ಈ ಸಾಧನ ಹಿಡಿಯದು. ಅದು ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ತುಂಬಿದೆ ಎಂದಷ್ಟೇ. ಓಡುವ ಬಸ್ಸುಗಳೇ ಅರ್ಧಕ್ಕಿಳಿದರೆ, ಇರುವ ಬಸ್ಸುಗಳೆಲ್ಲ ಭರ್ತಿಯಾಗಿದ್ದೂ ಜನ ಸ್ಟಾಪಿನಲ್ಲೇ ಉಳಿಯುತ್ತಾರಲ್ಲ, ಹಾಗೆ. ಹಿಮೋಗ್ಲೋಬಿನ್ 14 ಗ್ರಾಂನಿಂದ 7ಕ್ಕಿಳಿದವರ ರಕ್ತ ಒಯ್ಯುವುದು ಅರ್ಧದಷ್ಟೇ ಆಮ್ಲಜನಕ. ಹಾಗಾಗಿ ಮೆಟ್ಟಿಲು ಹತ್ತುವಾಗಲೇ ಸುಸ್ತಾಗುವ ಹೆಣ್ಣುಮಕ್ಕಳಿಗೆ ಬೇಕಾದದ್ದು ರಕ್ತಪರೀಕ್ಷೆ.