ಆಕ್ಸೊಲಾಟಲ್ ತೊಟ್ಟಿಗೆ ಯಾವ ಉಸುಕು?

ನವಲಗುಂದ, ಅಣ್ಣಿಗೇರಿ ಕಡೆ ನೆಲ ಎಲ್ಲಾ ಎರಿಮಣ್ಣು. ಉಸುಕು ಅಂದ್ರ ಹೊರಗಿಂದ ತರಬೇಕು. ಹಂಗಂತ ಮನಿ ಕಟ್ಟಾಕ ತಂದ ಎಂ-ಸ್ಯಾಂಡ್ ಆಕ್ಸೊಲಾಟಲ್ ತೊಟ್ಟಿಗೆ ಸುರೀಬ್ಯಾಡ್ರಿ. ಕಲ್ಲು ಒಡದು ಮಾಡಿದ್ದದು, ಅಂಚು ಚೂಪ ಇರತಾವು.

ಮೆಕ್ಸಿಕೋದ ಈ ಪ್ರಾಣಿ ಬಾಯಿ ತಟ್ಟನ ತೆರದು ನೀರಿನ ಜೋಡಿ ಹುಳಾನ ಒಳಗ ಎಳಕೋತೈತಿ. ತಳದಾಗ ಇದ್ದದ್ದೂ ಹೋಗತೈತಿ. ಹಳ್ಳು ನುಂಗಿದ್ರ ಕರುಳಿನ್ಯಾಗ ಸಿಕ್ಕು ಸಾಯಬಹುದು. ಅದಕ್ಕ 1 ಮಿಲಿಮೀಟರಿಗಿಂತ ಸಣ್ಣ, ನುಣ್ಣನ ಉಸುಕು ಬೇಕು. ಹೊಳಿ ಉಸುಕಾದ್ರ ಸಣ್ಣ ಸಾಣಿಗಿಲೆ ಸಾಣಿಸಿ, ಬಕೆಟ್‌ನಾಗ ನೀರು ತಿಳಿಯಾಗೂತನಕ ತೊಳೀರಿ. ಸೋಪು ಮುಟ್ಟಸಬ್ಯಾಡ್ರಿ. ಮರಿ 15 ಸೆಂಟಿಮೀಟರ್ ಆಗೂತನಕ ತಳ ಖಾಲಿ ಇರಲಿ.

ಉಸುಕು 2–3 ಸೆಂಟಿಮೀಟರ್ ದಪ್ಪ ಇದ್ರ ಸಾಕು. ಹೆಚ್ಚಾದ್ರ ಅಡಿಗೆ ಕೊಳತು ಕೆಟ್ಟ ಗ್ಯಾಸ್ ಕಟ್ಟತೈತಿ. ವಾರಕ್ಕೊಮ್ಮೆ ಮೆಲ್ಲಕ ಕೈಯಾಡಸ್ರಿ. ಹೊಲಸು ಕಂಡ ದಿನಾನ ಪೈಪ್‌ಲೆ ಎಳೀರಿ, ಪೈಪಿನ ಬಾಯಿ ಉಸುಕಿಗಿಂತ ಒಂದೀಟು ಮ್ಯಾಲ ಹಿಡದು.

ಖರೇ ತ್ರಾಸು ಉಸುಕಿಂದಲ್ಲ, ಬ್ಯಾಸಿಗಿದು. ಆಕ್ಸೊಲಾಟಲ್‌ಗೆ 16–18 ಡಿಗ್ರಿ ತಂಪು ನೀರು ಬೇಕು. ನಮ್ಮ ಏಪ್ರಿಲ್‌ನ್ಯಾಗ ಚಿಲ್ಲರ್ ಇಲ್ಲದ ಬದುಕೂದಿಲ್ಲ. ಕರೆಂಟ್ ಹೋದಾಗ ಚಿಲ್ಲರ್ ಹ್ಯಾಂಗ ನಡಸ್ತೀರಿ? ಉಸುಕು ತರೂ ಮೊದಲ ಅದನ್ನ ಯೋಚನೆ ಮಾಡ್ರಿ.