ತಿಕೋಟಾದ ನೆಲ ಗುಡುಗುವುದೇಕೆ?

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಜನರಿಗೆ ಭೂಕಂಪ ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಾಲಿಗೆ. ಎಷ್ಟೋ ಸಲ ಕಾಲಿಗೆ ಬರುವುದೇ ಇಲ್ಲ. ‘ಧಡ್’ ಎಂಬ ಒಂದು ಸಪ್ಪಳ, ಇಲ್ಲವೇ ದೂರದಲ್ಲೆಲ್ಲೋ ಟಿಪ್ಪರ್‌ನಿಂದ ಕಲ್ಲು ಸುರಿದಂಥ ಗುಡುಗುಡು. ಅಡುಗೆಮನೆಯ ಭಾಂಡೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ, ಪತ್ರಾಸಿನ ಛಾವಣಿ ಪಟಪಟ ಬಡಿದುಕೊಳ್ಳುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಮಂದಿ ಹೊರಗೆ ಓಡಿಬಂದು ಮೇಲೆ ನೋಡಿದರೆ ಮೋಡವಿಲ್ಲ, ಸುತ್ತ ನೋಡಿದರೆ ಹೊಗೆಯಿಲ್ಲ.

ಇದು ಬರೀ ಭ್ರಮೆಯಲ್ಲ. 2022ರ ಜುಲೈ 9ರ ಬೆಳಿಗ್ಗೆ 6.22ಕ್ಕೆ ವಿಜಯಪುರ ತಾಲ್ಲೂಕಿನ ಕನ್ನೂರ ಬಳಿ ಕೇಂದ್ರವಿದ್ದ ಕಂಪನದ ತೀವ್ರತೆ 4.4 ಎಂದು ದಾಖಲಾಯಿತು. ಗಡಿಯಾಚೆ ಮಹಾರಾಷ್ಟ್ರದಲ್ಲೂ ಅದು ಅನುಭವಕ್ಕೆ ಬಂತು. 2023ರ ಡಿಸೆಂಬರ್ 8ರಂದು, ಮತ್ತೆ ಬೆಳಗಿನ ಹೊತ್ತೇ, 3.1 ತೀವ್ರತೆಯ ಇನ್ನೊಂದು ಕಂಪನವಾಯಿತು. ಇವು ಸುದ್ದಿಯಾದವು. ಇವುಗಳ ನಡುವೆ ತೀವ್ರತೆ 2 ಅಥವಾ ಅದಕ್ಕೂ ಕಡಿಮೆಯ, ಯಾರ ಗೋಡೆಯನ್ನೂ ಬಿರಿಸದ ಸಣ್ಣ ಕಂಪನಗಳಿವೆ. ಜನರ ನಿದ್ದೆ ಕೆಡಿಸುವ ಸಪ್ಪಳ ಬಹುಪಾಲು ಇವುಗಳದ್ದೇ.

ನೆಲ ಹೇಗೆ ಸದ್ದು ಮಾಡುತ್ತದೆ? ಆಳದಲ್ಲಿ ಬಂಡೆ ಬಿರುಕಿನ ಗುಂಟ ಸರಿದಾಗ ಎರಡು ಬಗೆಯ ಅಲೆಗಳು ಏಳುತ್ತವೆ. ಮೊದಲನೆಯದು ಬಂಡೆಯನ್ನು ಒತ್ತುತ್ತ, ಸಡಿಲಿಸುತ್ತ ಸಾಗುತ್ತದೆ. ಗಾಳಿಯಲ್ಲಿ ಶಬ್ದ ಸಾಗುವ ರೀತಿಯೂ ಅದೇ. ಎರಡನೆಯದು ಬಂಡೆಯನ್ನು ಅಡ್ಡಡ್ಡ ಅಲುಗಿಸುತ್ತದೆ. ಮೊದಲನೆಯದರ ವೇಗ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ., ಎರಡನೆಯದರದು ಸುಮಾರು 3.5 ಕಿ.ಮೀ. ಕಂಪನ 15 ಕಿ.ಮೀ. ದೂರದಲ್ಲಿ ಹುಟ್ಟಿತು ಎನ್ನಿ. ಮೊದಲ ಅಲೆ ಎರಡೂವರೆ ಸೆಕೆಂಡಿನಲ್ಲಿ ಊರು ಮುಟ್ಟುತ್ತದೆ, ಎರಡನೆಯದಕ್ಕೆ ನಾಲ್ಕು ಸೆಕೆಂಡು ದಾಟುತ್ತದೆ. ‘ಮೊದಲು ಸಪ್ಪಳ ಬಂತು, ಆಮೇಲೆ ನಡುಗಿತು’ ಎಂದು ಹಳ್ಳಿಯವರು ಹೇಳುವ ಮಾತಿನಲ್ಲಿರುವ ಅಂತರ ಇದು. ಅದೇ ಸದ್ದು ಗಾಳಿಯ ದಾರಿಯಲ್ಲಿ ಬರಬೇಕಿದ್ದರೆ 44 ಸೆಕೆಂಡು ಬೇಕಾಗುತ್ತಿತ್ತು.

ಅಂದರೆ ಸಪ್ಪಳ ದೂರದಿಂದ ಗಾಳಿಯಲ್ಲಿ ತೇಲಿ ಬರುವುದಿಲ್ಲ. ಅಲೆ ಬಂಡೆಯೊಳಗಿಂದ ಬಂದು, ಜನ ನಿಂತ ನೆಲವನ್ನೇ ನಡುಗಿಸಿ, ಆ ನೆಲ ಮೇಲಿನ ಗಾಳಿಯನ್ನು ತಳ್ಳಿ ಸದ್ದು ಹುಟ್ಟಿಸುತ್ತದೆ. ಆದ್ದರಿಂದಲೇ ಅದು ಯಾವ ದಿಕ್ಕಿನಿಂದ ಬಂತೆಂದು ಕೇಳಿದರೆ ಹತ್ತು ಮಂದಿ ಹತ್ತು ದಿಕ್ಕು ತೋರಿಸುತ್ತಾರೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಕಲ್ಲು ಕ್ವಾರಿಯ ಸ್ಫೋಟ ಇರಬೇಕು ಎಂಬ ಅನುಮಾನ ಸಹಜ. ಆದರೆ ಸ್ಫೋಟ ಎಲ್ಲ ದಿಕ್ಕಿಗೂ ಹೊರಮುಖವಾಗಿ ತಳ್ಳುತ್ತದೆ, ಅದರಲ್ಲಿ ಅಡ್ಡ ಅಲುಗಾಟ ಕಡಿಮೆ. ಭೂಕಂಪನದಲ್ಲಿ ಅದೇ ಹೆಚ್ಚು. ಭೂಕಂಪಮಾಪಕದ ಗೆರೆಯಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಇಂಥ ಅನುಭವ ವಿಜಯಪುರಕ್ಕೆ ಮಾತ್ರ ಮೀಸಲಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿಯ ಸದ್ದಿಗೆ ಹೆದರಿ ಜನ ಊರು ಬಿಟ್ಟರು. ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಭೂಶಾಖ ಪಡೆಯಲೆಂದು ಸುಮಾರು 6 ಕಿ.ಮೀ. ಆಳಕ್ಕೆ ನೀರು ಒತ್ತಿದಾಗ ಸಣ್ಣ ಸಣ್ಣ ಕಂಪನಗಳಾದವು. ತೀವ್ರತೆ 2ನ್ನೂ ಮುಟ್ಟದ ಅವುಗಳ ಗುಡುಗು ಅಲ್ಲಿನ ನಿವಾಸಿಗಳಿಗೆ ಕೇಳಿಸಿತು, ಮೈಕ್ರೊಫೋನುಗಳಲ್ಲೂ ದಾಖಲಾಯಿತು. ಅಲ್ಲಿ ಗಟ್ಟಿ ಗ್ರಾನೈಟ್, ವಿಜಯಪುರದಲ್ಲಿ ದಖ್ಖನ್ನಿನ ಕಪ್ಪು ಬಸಾಲ್ಟ್. ಮೆತ್ತನೆಯ ಮಣ್ಣು ನುಂಗಿಬಿಡುವ ಚುರುಕು ಕಂಪನಗಳನ್ನು ಗಟ್ಟಿ ಕಲ್ಲು ಮೇಲಿನವರೆಗೂ ಒಯ್ದು ತಲುಪಿಸುತ್ತದೆ.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸದ್ದನ್ನು ಹಿಡಿಯುತ್ತದೆ. ಇಪ್ಪತ್ತಕ್ಕಿಂತ ಕೆಳಗಿನದು ಅವಧ್ವನಿ, ಅಂದರೆ ಇನ್‌ಫ್ರಾಸೌಂಡ್. ಸಣ್ಣ ಭೂಕಂಪನದ ಸದ್ದಿನ ಒಂದು ಪಾಲು ಕಿವಿಗೆ ಸಿಗುವ ಅಂಚಿನಲ್ಲಿದ್ದರೆ ಉಳಿದದ್ದು ಅದರ ಕೆಳಗೇ ಇರುತ್ತದೆ. ಕೇಳಿಸದ ಆ ಸದ್ದು ಮೈಗೆ ಏನು ಮಾಡುತ್ತದೆ ಎಂಬ ಕುರಿತು ಬಹಳ ಕಥೆಗಳಿವೆ. ಇಂಗ್ಲೆಂಡಿನ ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ಬರೆದದ್ದು ಅವುಗಳಲ್ಲಿ ಪ್ರಸಿದ್ಧ. ಪ್ರಯೋಗಾಲಯದಲ್ಲಿ ಅವರಿಗೆ ಕಾರಣವಿಲ್ಲದೆ ಭಯವಾಗುತ್ತಿತ್ತು, ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿಯುತ್ತಿತ್ತು. ಒಂದು ದಿನ ವೈಸ್ ಎಂಬ ಇಕ್ಕಳಕ್ಕೆ ಸಿಕ್ಕಿಸಿಟ್ಟಿದ್ದ ಕತ್ತಿವರಸೆಯ ತೆಳು ಕತ್ತಿ ತಾನಾಗಿ ಅದುರುವುದನ್ನು ಕಂಡರು. ಹುಡುಕಿದಾಗ ಸಿಕ್ಕಿದ್ದು ಒಂದು ಫ್ಯಾನು. ಅದು ಆ ಉದ್ದನೆಯ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 19 ಕಂಪನಗಳ, ನಿಂತಲ್ಲೇ ಆಡುವ ಅಲೆ ಎಬ್ಬಿಸಿತ್ತು. ಫ್ಯಾನು ಜೋಡಿಸಿದ ರೀತಿ ಬದಲಿಸಿದ ಮೇಲೆ ಭೂತ ಕಾಣಲಿಲ್ಲ.

2003ರಲ್ಲಿ ಲಂಡನ್ನಿನ ಸಂಗೀತ ಕಛೇರಿಯೊಂದರಲ್ಲಿ ಸುಮಾರು 750 ಶ್ರೋತೃಗಳಿಗೆ ತಿಳಿಯದಂತೆ ಸೆಕೆಂಡಿಗೆ 17 ಕಂಪನಗಳ ಅವಧ್ವನಿ ಬೆರೆಸಿದಾಗ ಶೇ 22ರಷ್ಟು ಮಂದಿ ಅಸಹಜ ಅನುಭವ ಹೇಳಿಕೊಂಡರು. ಆದರೆ ಆಮೇಲೆ ಲಂಡನ್ನಿನಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಅವಧ್ವನಿ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅವಧ್ವನಿಯೇ ದೆವ್ವ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಗಟ್ಟಿಯಾಗಿ ಹೇಳಬಹುದಾದದ್ದು ಅನುರಣನದ ವಿಷಯ.

ಪ್ರತಿ ವಸ್ತುವಿಗೂ ಅದರದೇ ಒಂದು ಕಂಪನವಿದೆ. ಹೊರಗಿನ ಕಂಪನ ಅದಕ್ಕೆ ಹೊಂದಿತೋ, ವಸ್ತು ಹಿಗ್ಗಿ ಆಡತೊಡಗುತ್ತದೆ. ಐದು ಮೀಟರ್ ಉದ್ದದ ಮುಚ್ಚಿದ ಕೋಣೆಯ ಗಾಳಿಗೆ ಅದು ಸೆಕೆಂಡಿಗೆ ಸುಮಾರು 34. ನೆಲದ ಗುಡುಗಿನಲ್ಲಿ ಇದೂ ಇರುವುದರಿಂದ ಹೊಲದಲ್ಲಿದ್ದವನಿಗೆ ಮಂಕಾಗಿ ಕೇಳಿದ್ದು ಮನೆಯೊಳಗಿದ್ದವರಿಗೆ ಎದೆ ಝಲ್ಲೆನ್ನುವಂತೆ ಕೇಳಬಹುದು. ಒಂದಂತಸ್ತಿನ ಮನೆ ಸೆಕೆಂಡಿಗೆ ಹತ್ತರ ಆಸುಪಾಸು ಅಲುಗುವ ಗುಣದ್ದು. ಹತ್ತಿರದ ಸಣ್ಣ ಕಂಪನ ಅಂಥ ಮನೆಯನ್ನು ಹಿಡಿದರೆ, ದೂರದ ದೊಡ್ಡ ಕಂಪನ ಎತ್ತರದ ಕಟ್ಟಡಗಳನ್ನು ಹಿಡಿಯುತ್ತದೆ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರದಲ್ಲಿ ಹಳೆಯ ಕೆರೆಯಂಗಳದ ಮೆತ್ತನೆ ಮಣ್ಣು ಎರಡು ಸೆಕೆಂಡಿಗೊಮ್ಮೆ ತೂಗಿತು. ಅದಕ್ಕೆ ಹೊಂದುವ ಮಧ್ಯಮ ಎತ್ತರದ ಕಟ್ಟಡಗಳೇ ಹೆಚ್ಚು ಕುಸಿದವು. ಅವುಗಳ ಪಕ್ಕದಲ್ಲೇ ಇದ್ದ ಎಷ್ಟೋ ಗಿಡ್ಡ ಕಟ್ಟಡಗಳು ನಿಂತೇ ಇದ್ದವು.

ಕಟ್ಟಡದ ಆಕಾರ ಸದ್ದನ್ನು ಹೇಗೆ ಆಡಿಸುತ್ತದೆ ಎಂಬುದಕ್ಕೆ ವಿಜಯಪುರದವರು ಮೆಕ್ಸಿಕೊಗೆ ಹೋಗಬೇಕಿಲ್ಲ. ಗೋಲಗುಮ್ಮಟದ ಮೂಲೆಯ ಗೋಪುರ ಹತ್ತಿ ಒಳಗ್ಯಾಲರಿಗೆ ಹೋದರೆ ಸಾಕು. ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಾಗಿದ ಗೋಡೆಯ ಗುಂಟವೇ ಸದ್ದು ತೆವಳುವುದರಿಂದ ಅದು ಸುತ್ತ ಚದುರಿ ಹೋಗುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಇದನ್ನು ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ವಿವರಿಸಿದ್ದರು. 1921ರಲ್ಲಿ ಅಲ್ಲಿಗೆ ಹೋದ ಸಿ.ವಿ. ರಾಮನ್ ಪ್ರಯೋಗ ಮಾಡಿ ಆ ವಿವರಣೆಯನ್ನು ಮುಂದುವರಿಸಿದರು. ಗುಮ್ಮಟದ ಚಪ್ಪಾಳೆಯ ಲೆಕ್ಕ ಬೇರೆ: ಸದ್ದು ಎದುರು ಗೋಡೆಗೆ ಹೋಗಿ ಮರಳಲು ಸುಮಾರು 0.22 ಸೆಕೆಂಡು ಬೇಕು. ಒಂದೊಂದು ಮರುದನಿಯನ್ನೂ ಬಿಡಿಬಿಡಿಯಾಗಿ ಎಣಿಸಲು ಕಿವಿಗೆ ಅಷ್ಟು ಬಿಡುವು ಸಾಕು. ಇದನ್ನು ಕೇಳಬೇಕೆಂದರೆ ಗದ್ದಲ ಸೇರುವ ಮೊದಲು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು.

ತಿಕೋಟಾದ ಸಪ್ಪಳ ಮಳೆಗಾಲದಲ್ಲಿ ಹಾಗೂ ಅದರ ಬೆನ್ನಿಗೇ ಏಕೆ ಹೆಚ್ಚು? ಮಳೆನೀರು ಬಸಾಲ್ಟಿನ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡ ಏರಿಸುತ್ತದೆ, ಮೊದಲೇ ಬಿಗಿದಿದ್ದ ಬಂಡೆ ಸರಿಯಲು ಅಷ್ಟೇ ನೆಪ ಸಾಕಾಗುತ್ತದೆ ಎಂಬುದು ತಜ್ಞರು ಹೆಚ್ಚಾಗಿ ಕೊಡುವ ವಿವರಣೆ. ಇಂಥ ಸಣ್ಣ ಕಂಪನಗಳ ಸಾಲು ಸಾಮಾನ್ಯವಾಗಿ ತಾನಾಗಿ ತಣ್ಣಗಾಗುತ್ತದೆ. ಹಾಗೆಂದು ಉದಾಸೀನ ಸಲ್ಲದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಬಹುಪಾಲು ಮನೆಗಳ ಕೆಳಗೆ ಸಿಕ್ಕಿ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಹೊರೆ ಮಣ್ಣಿನ ಮಾಳಿಗೆ. ವಿಜಯಪುರದ ಹಳ್ಳಿಗಳಲ್ಲಿ ಅಂಥ ಹಳೆಯ ಮನೆಗಳು ಇನ್ನೂ ಇವೆ.

ಮುಂದಿನ ಸಲ ನೆಲ ಗುಡುಗಿದಾಗ ಗಡಿಯಾರ ನೋಡಿ. ನಿಮಿಷ, ಸೆಕೆಂಡು, ಸಪ್ಪಳ ಮೊದಲೋ ನಡುಕ ಮೊದಲೋ, ಒಳಗಿದ್ದಿರೋ ಹೊರಗಿದ್ದಿರೋ ಬರೆದಿಟ್ಟು ತಹಶೀಲ್ದಾರ್ ಕಚೇರಿಗೆ ತಿಳಿಸಿ. ಮಾಳಿಗೆಯ ಮೇಲೆ ವರ್ಷವರ್ಷ ಹಾಕಿದ ಹೆಚ್ಚುವರಿ ಮಣ್ಣನ್ನು ಇಳಿಸಿ, ಮಲಗುವ ಜಾಗದ ತಲೆಯ ಮೇಲಿನ ಭಾರದ ಸಾಮಾನನ್ನು ಇವತ್ತೇ ಬೇರೆಡೆ ಇಡಿ.