ಇಮೇಲ್ ಪೆಟ್ಟಿಗೆಗೆ ಹೊಸ ಅಂಗಿ

ಬ್ರೌಸರಿನಲ್ಲೇ ಇಮೇಲ್ ತೆರೆದು ತೋರಿಸುವ ರೌಂಡ್‌ಕ್ಯೂಬ್ ಮುಕ್ತ ತಂತ್ರಾಂಶ. ಅದರ ಹೊರನೋಟವನ್ನು ಯಾರು ಬೇಕಾದರೂ ತಮಗೊಪ್ಪುವಂತೆ ಬದಲಿಸಿಕೊಳ್ಳಬಹುದು. ಈ ಉಡುಪಿಗೆ ‘ಸ್ಕಿನ್’ ಎಂದು ಹೆಸರು.

2019ರಲ್ಲಿ 1.4ನೇ ಆವೃತ್ತಿಯೊಂದಿಗೆ ಬಂದ ‘ಇಲಾಸ್ಟಿಕ್’ ಸ್ಕಿನ್ ಮೊಬೈಲ್ ಪರದೆಗೂ ಹೊಂದಿಕೊಳ್ಳುತ್ತದೆ. ಹೊಸಬರು ಇದನ್ನೇ ಬುನಾದಿ ಮಾಡಿಕೊಳ್ಳುವುದು ಜಾಣತನ. ‘ಸ್ಕಿನ್ಸ್’ ಫೋಲ್ಡರಿನಲ್ಲಿ ತಮ್ಮದೇ ಫೋಲ್ಡರ್ ಮಾಡಿ, ಅದರ ಮೆಟಾ ಕಡತದಲ್ಲಿ ಇದು ಇಲಾಸ್ಟಿಕ್‌ನ ವಿಸ್ತರಣೆ ಎಂದು ನಮೂದಿಸಿದರೆ ಸಾಕು. ತಾವು ಮುಟ್ಟದ ಪುಟಗಳೆಲ್ಲ ಮೂಲದಿಂದಲೇ ಬರುತ್ತವೆ. ಬಣ್ಣ, ಅಕ್ಷರಶೈಲಿಗಳು ‘ಲೆಸ್’ ಕಡತಗಳಲ್ಲಿರುತ್ತವೆ. ಅವುಗಳ ಪ್ರತಿಯನ್ನು ತಮ್ಮ ಫೋಲ್ಡರಿನಲ್ಲಿ ತಿದ್ದಿ, ಬ್ರೌಸರ್ ಓದಬಲ್ಲ ಸಿಎಸ್‌ಎಸ್‌ಗೆ ಪರಿವರ್ತಿಸಬೇಕು.

ಮೂಲ ಕಡತವನ್ನೇ ತಿದ್ದುವ ಆತುರ ಬೇಡ. ಮುಂದಿನ ಅಪ್‌ಡೇಟ್ ಅಷ್ಟೂ ಶ್ರಮವನ್ನು ಅಳಿಸಿಹಾಕೀತು.

ಕನ್ನಡ ಓದುಗರಿಗಾಗಿ ಸ್ಕಿನ್ ಮಾಡುವವರು ಸಾಲುಗಳ ನಡುವಿನ ಅಂತರವನ್ನೂ ಗಮನಿಸಬೇಕು. ನಮ್ಮ ಒತ್ತಕ್ಷರಗಳು ಕೆಳಕ್ಕಿಳಿಯುತ್ತವೆ; ಇಂಗ್ಲಿಷಿಗೆ ಅಳೆದ ಜಾಗದಲ್ಲಿ ‘ರಾಷ್ಟ್ರ’ದ ಬುಡ ಕತ್ತರಿಸಿಹೋಗಬಹುದು.